ಹ್ಯಾಕ್ಸಾ ಸರಿಯಾಗಿ ಕೊಯ್ಯುತ್ತಿಲ್ಲವಾ? ಬಲ ಹಾಕುವ ಮುಂಚೆ ಬ್ಲೇಡು ನೋಡಿ

ಅಡಿಕೆ ಕೊನೆಕೊಯ್ಲು ಮುಗಿದು ತೋಟಕ್ಕೆ ನೀರು ಬಿಡುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಯಲ್ಲೂ ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಗರಗಸ, ಹೊರಗೆ ಬರುತ್ತದೆ. ಒಡೆದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಕತ್ತರಿಸಬೇಕು, ಸ್ಪ್ರಿಂಕ್ಲರಿನ ಕಡ್ಡಿ ಗಿಡ್ಡ ಮಾಡಬೇಕು, ಕೊಟ್ಟಿಗೆ ಬಾಗಿಲಿಗೆ ಪಟ್ಟಿ ಬೇಕು. ಐದು ನಿಮಿಷದ ಕೆಲಸ ಅಂತ ಕೂತರೆ ಅರ್ಧ ಗಂಟೆಯಾದರೂ ಪೈಪು ತುಂಡಾಗುವುದಿಲ್ಲ, ಮೂರು ಬ್ಲೇಡು ಹೋಗಿರುತ್ತದೆ, ಭುಜ ನೋಯುತ್ತಿರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಇನ್ನೂ ಜೋರಾಗಿ ಒತ್ತುವುದು. ಅದರಿಂದ ಕೆಲಸ ಕೆಡುತ್ತದೆಯೇ ಹೊರತು ಆಗುವುದಿಲ್ಲ. ಹ್ಯಾಕ್ಸಾ ಸತಾಯಿಸುತ್ತಿದೆ ಅಂದರೆ ತಪ್ಪು ಹೆಚ್ಚಾಗಿ ಇರುವುದು ಮೂರು ಜಾಗದಲ್ಲಿ: ಬ್ಲೇಡಿನಲ್ಲಿ, ಬಿಗಿಯಲ್ಲಿ, ಇಲ್ಲವೇ ಮಾಲು (ಕೊಯ್ಯುವ ವಸ್ತು) ಹಿಡಿದಿರುವ ರೀತಿಯಲ್ಲಿ. ತೋಳಿನ ಬಲದ್ದು ಕೊನೆಯ ಮಾತು.

ಕೆಳಗೆ ನಿಮಗೆ ಕಾಣುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ಪ್ರತಿಯೊಂದರಲ್ಲೂ ದುಡ್ಡು ಬೇಡದ ಪರೀಕ್ಷೆ ಮೊದಲು.

ಸುಮ್ನೆ ಜಾರುತ್ತದೆ, ಕಚ್ಚುವುದೇ ಇಲ್ಲ

ಬ್ಲೇಡಿನ ಹಲ್ಲು ಯಾವ ಕಡೆ ನೋಡುತ್ತಿದೆ ಅಂತ ಮೊದಲು ನೋಡಿ. ಹಲ್ಲಿನ ತುದಿ ಹಿಡಿಯಿಂದ ಆಚೆಗೆ, ಅಂದರೆ ಮುಂದಕ್ಕೆ ನೋಡಬೇಕು. ಹ್ಯಾಕ್ಸಾ ಕೊಯ್ಯುವುದು ಮುಂದಕ್ಕೆ ತಳ್ಳುವಾಗ. ಬ್ಲೇಡಿನ ಮೇಲೆ ಬಾಣದ ಗುರುತು ಇದ್ದರೆ ಅದು ಹಿಡಿಯ ಕಡೆಯಿಂದ ದೂರ ಹೋಗಬೇಕು. ಗುರುತು ಅಳಿಸಿದ್ದರೆ ಬೆರಳಿನ ತುದಿಯನ್ನು ಬಹಳ ಹಗುರವಾಗಿ ಹಲ್ಲಿನ ಮೇಲೆ ಆಡಿಸಿ. ಒಂದು ದಿಕ್ಕಿಗೆ ನುಣುಪಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಚರ್ಮ ಹಿಡಿಯುತ್ತದೆ. ತಿರುಗುಮುರುಗಾಗಿ ಹಾಕಿದ ಬ್ಲೇಡಿನಿಂದ ದಿನವಿಡೀ ಉಜ್ಜಿದರೂ ಹೊಳಪು ಬರುತ್ತದೆ ಅಷ್ಟೇ.

ದಿಕ್ಕು ಸರಿ ಇದೆಯಾ? ಹಾಗಾದರೆ ಕೆಳಗೆ ಉದುರಿದ ಪುಡಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಇಷ್ಟು ಸರಿಯಾಗಿ ಹೇಳುವುದು ಬೇರೆ ಯಾವುದೂ ಇಲ್ಲ. ಮೆತುವಾದ ಕಬ್ಬಿಣ ಚೆನ್ನಾಗಿ ಕೊಯ್ಯುತ್ತಿದ್ದರೆ ಪುಡಿಯಲ್ಲಿ ಸಣ್ಣ ಸಣ್ಣ ಸುರುಳಿ ಚೂರು ಕಾಣುತ್ತವೆ, ಬೆರಳಲ್ಲಿ ತಿಕ್ಕಿದರೆ ಚುಚ್ಚುತ್ತವೆ. ಬರೀ ಹಿಟ್ಟಿನ ಹಾಗಿನ ಕಪ್ಪು ಪುಡಿ ಬರುತ್ತಿದ್ದರೆ ಹಲ್ಲು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಬ್ಲೇಡು ಮೊಂಡಾಗಿದೆ ಅಥವಾ ಮಾಲು ಗಟ್ಟಿ ಇದೆ. (ಎರಕದ ಕಬ್ಬಿಣಕ್ಕೆ ಈ ಲೆಕ್ಕ ಇಲ್ಲ. ಅದರ ಪುಡಿ ಯಾವಾಗಲೂ ಹುಡಿಹುಡಿಯೇ.)

ಮೊಂಡಾಗಿದ್ದು ಎಲ್ಲಿ ಅಂತಲೂ ನೋಡಿ. ಬಿಸಿಲಿಗೆ ಹಿಡಿದರೆ ಸವೆದ ಹಲ್ಲಿನ ತುದಿ ಚುಕ್ಕೆಯ ಹಾಗೆ ಹೊಳೆಯುತ್ತದೆ, ಚೂಪಾದ ಹಲ್ಲು ಹೊಳೆಯುವುದಿಲ್ಲ. ನಡುವಿನ ನಾಲ್ಕು ಇಂಚು ಮಾತ್ರ ಹೊಳೆಯುತ್ತಿದ್ದರೆ ನೀವು ಗಿಡ್ಡ ಗಿಡ್ಡ ಎಳೆತದಲ್ಲಿ ಕೊಯ್ಯುತ್ತಿದ್ದೀರಿ ಅಂತ ಅರ್ಥ. ಹನ್ನೆರಡು ಇಂಚಿನ ಬ್ಲೇಡಿಗೆ ದುಡ್ಡು ಕೊಟ್ಟು ನಾಲ್ಕು ಇಂಚು ಬಳಸಿದ ಹಾಗೆ. ತುದಿಯಿಂದ ತುದಿಗೆ ಆಡಿಸಿ.

ಬ್ಲೇಡು ಹೊಸದು, ದಿಕ್ಕು ಸರಿ, ಆದರೂ ಜಾರುತ್ತದೆ ಅಂದರೆ ಮಾಲಿನ ಗಟ್ಟಿತನ ಪರೀಕ್ಷಿಸಿ. ಹಳೇ ಅರ (ಫೈಲು) ತೆಗೆದುಕೊಂಡು ಅದರ ಮೂಲೆಯಿಂದ ಒಂದು ಎಳೆತ ಎಳೆಯಿರಿ. ಅರ ಕಚ್ಚಿ ಗೆರೆ ಬಿದ್ದರೆ ಹ್ಯಾಕ್ಸಾ ಕೊಯ್ಯುತ್ತದೆ. ಅರವೇ ಗಾಜಿನ ಮೇಲೆ ಹೋದ ಹಾಗೆ ಜಾರಿದರೆ ಅಲ್ಲಿಗೇ ನಿಲ್ಲಿಸಿ, ಯಾವ ಹ್ಯಾಕ್ಸಾ ಬ್ಲೇಡೂ ಅದನ್ನು ಕೊಯ್ಯುವುದಿಲ್ಲ. ಬೇರಿಂಗಿನ ಬಳೆ, ಒಳ್ಳೆ ಬೀಗದ ಕೊಂಡಿ ಈ ಜಾತಿಯವು. ಕತ್ತಿ ಮಾಡಿಸಲಿಕ್ಕೆ ಜೀಪಿನ ಸ್ಪ್ರಿಂಗ್ ಪಟ್ಟಿ ತಂದು ಮನೆಯಲ್ಲೇ ತುಂಡು ಮಾಡುತ್ತೇನೆ ಅಂತ ಕೂರುವವರು ನಮ್ಮ ಕಡೆ ಬಹಳ. ಅದು ಹದ ಹಾಕಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕು. ಬ್ಲೇಡು ಹಾಳು ಮಾಡಿಕೊಳ್ಳಬೇಡಿ, ಇಡೀ ಪಟ್ಟಿಯನ್ನೇ ಕುಲುಮೆಗೆ ಕೊಡಿ. ಅವರು ಕೆಂಪಗೆ ಕಾಯಿಸಿ ಉಳಿಯಲ್ಲಿ ಕಡಿಯುತ್ತಾರೆ.

ಸ್ಟೀಲು, ಅಂದರೆ ಕಟಕಟೆಗೆ ಹಾಕುವ ಸ್ಟೇನ್‌ಲೆಸ್ ಪೈಪು, ಬೇರೆ ಕಥೆ. ಅದು ಮೊದಲಿಗೆ ಕೊಯ್ಯಿಸಿಕೊಳ್ಳುತ್ತದೆ. ನೀವು ಹಗುರವಾಗಿ, ಬೇಗ ಬೇಗ ಉಜ್ಜಿದರೆ ಉಜ್ಜಿದ ಜಾಗವೇ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಹೊಸ ಬ್ಲೇಡೂ ಜಾರುತ್ತದೆ. ಅದಕ್ಕೆ ನಿಧಾನ ಎಳೆತ, ಗಟ್ಟಿ ಒತ್ತು, ಒಂದು ಹನಿ ಎಣ್ಣೆ. ಒತ್ತು ಹಾಕದೆ ಮುಂದಕ್ಕೆ ಜಾರಿಸಲೇಬೇಡಿ. ಆಗಲೇ ಗಟ್ಟಿಯಾಗಿದ್ದರೆ ಆ ಗೆರೆ ಬಿಟ್ಟು ಆಚೆ ಬದಿಯಿಂದ ಹೊಸದಾಗಿ ಶುರು ಮಾಡಿ.

ಹಲ್ಲು ಉದುರುತ್ತದೆ

ಹೆಚ್ಚು ಬ್ಲೇಡು ಹೋಗುವುದು ಇದರಲ್ಲೇ. ಕೊಯ್ಯುವಾಗ 'ಕಟ್' ಅಂತ ಸಿಕ್ಕಿಕೊಳ್ಳುತ್ತದೆ, ಬಲ ಹಾಕಿ ತಳ್ಳುತ್ತೀರಿ, ನೋಡಿದರೆ ಸಾಲಾಗಿ ನಾಲ್ಕೈದು ಹಲ್ಲು ಇರುವುದಿಲ್ಲ.

ಬ್ಲೇಡಿನ ಮೇಲೆ ಒಂದು ಸಂಖ್ಯೆ ಇರುತ್ತದೆ: 14, 18, 24 ಅಥವಾ 32. ಇಂಚಿಗೆ ಎಷ್ಟು ಹಲ್ಲು ಅಂತ ಅದರ ಅರ್ಥ. ಮಾಲಿನ ದಪ್ಪದ ಮೇಲೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಕೂತಿರಬೇಕು. ಕಡಿಮೆಯಾದರೆ ತೆಳು ಅಂಚು ಎರಡು ಹಲ್ಲಿನ ಸಂದಿಗೆ ಇಳಿಯುತ್ತದೆ, ತಳ್ಳಿದಾಗ ಹಲ್ಲು ಮುರಿಯುತ್ತದೆ. ಅಂಗಡಿಗೆ ಹೋಗಿ 'ಒಂದು ಹ್ಯಾಕ್ಸಾ ಬ್ಲೇಡು ಕೊಡಿ' ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಹಲ್ಲು ಹೇಳಿ ಕೇಳಿ. ದಪ್ಪ ಸರಳು, ದಪ್ಪ ಪಟ್ಟಿಗೆ 18. ಆಂಗ್ಲು (ಎಲ್ ಆಕಾರದ ಕಬ್ಬಿಣದ ಪಟ್ಟಿ), ದಪ್ಪನೆ ಪೈಪಿಗೆ 24. ತೆಳು ಪೈಪು, ಚೌಕ ಟ್ಯೂಬು, ತಗಡಿಗೆ 32. ಮೆತ್ತನೆ ಲೋಹದ ದಪ್ಪ ತುಂಡಿಗೆ 14, ಅದು ಮನೆಗೆ ಬೇಕಾಗುವುದು ಅಪರೂಪ.

ಲೆಕ್ಕ ಹಾಕಿಯೇ ನೋಡೋಣ. ಅರ್ಧ ಇಂಚಿನ ಜಿಐ ಪೈಪು, ನೀಲಿ ಪಟ್ಟೆಯ ಬಿ ಕ್ಲಾಸು, ಗೋಡೆ ದಪ್ಪ 2.6 ಮಿ.ಮೀ. ಹಳದಿ ಪಟ್ಟೆಯ ಎ ಕ್ಲಾಸು 2 ಮಿ.ಮೀ. 18ರ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ ಸುಮಾರು 1.4 ಮಿ.ಮೀ. ಬಿ ಕ್ಲಾಸಿನ ಮೇಲೂ ಎರಡು ಹಲ್ಲು ಕೂರುವುದಿಲ್ಲ. 24ರದಾದರೆ ಎರಡೂವರೆ ಹಲ್ಲು, 32ರದಾದರೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ತೋಟದ ಪೈಪಿಗೆ ಅಂತ 18 ತಂದವರ ಬ್ಲೇಡು ಯಾಕೆ ಉಳಿಯುವುದಿಲ್ಲ ಅಂತ ಗೊತ್ತಾಯಿತಲ್ವಾ?

ಪೈಪಿನಲ್ಲಿ ಇನ್ನೊಂದು ಸಂಗತಿ ಇದೆ. ಶುರುವಿನಲ್ಲಿ ಸೊಗಸಾಗಿ ಕೊಯ್ಯುತ್ತದೆ, ನಡುವಿಗೆ ಬಂದಾಗ ಹಿಡಿದುಕೊಳ್ಳುತ್ತದೆ. ಮೇಲ್ಭಾಗದಲ್ಲಿ ಬ್ಲೇಡು ಪೈಪಿನ ಬೆನ್ನಿನ ಮೇಲೆ ಉದ್ದಕ್ಕೆ ಕೂತಿರುತ್ತದೆ, ಹತ್ತಾರು ಹಲ್ಲಿಗೆ ಆಸರೆ ಸಿಗುತ್ತದೆ. ತೂತಿನೊಳಗೆ ಇಳಿದ ಮೇಲೆ ಬ್ಲೇಡು ಮುಟ್ಟುವುದು ಆಚೆ ಒಂದು ಗೋಡೆ, ಈಚೆ ಒಂದು ಗೋಡೆ, ಅಷ್ಟೇ. ಹಲ್ಲು ಹೋಗುವುದು ಅಲ್ಲಿ. ಅದಕ್ಕೆ ಪೈಪನ್ನು ಒಂದೇ ಸಲ ಆರುಪಾರು ಕೊಯ್ಯಬೇಡಿ. ಗೋಡೆ ತೂತಾಗುವ ತನಕ ಕೊಯ್ದು, ವೈಸು (ಮಾಲನ್ನು ಕಚ್ಚಿ ಹಿಡಿಯುವ ಸಾಧನ) ಸಡಿಲಿಸಿ, ಪೈಪನ್ನು ಸ್ವಲ್ಪ ತಿರುಗಿಸಿ, ಅದೇ ಸೀಳಿನಿಂದ ಮುಂದುವರಿಸಿ. ಆಚೆ ಕಡೆಗೆ ತಿರುಗಿಸಬೇಕು, ಅಂದರೆ ಪೈಪಿನ ಬೆನ್ನು ನಿಮ್ಮಿಂದ ದೂರ ಹೋಗಬೇಕು. ಹಾಗೆ ಸುತ್ತ ಬಂದರೆ ತುದಿಯೂ ಚೌಕಾಗಿ ಬರುತ್ತದೆ, ಮರೆ (ತಿರುಪಿನ ಗೆರೆ) ಹಾಕುವಾಗ ಅದನ್ನು ಕೊರೆಯುವ ಡೈ ನೆಟ್ಟಗೆ ಕೂರುತ್ತದೆ. ಗೆರೆಗೆ ಒಂದು ಕಾಗದದ ಪಟ್ಟಿ ಸುತ್ತಿ ಅಂಚು ಕೂಡಿಸಿಕೊಳ್ಳಿ, ಅದರ ಅಂಚಿನಗುಂಟ ಗುರುತು ಹಾಕಿ.

ಆಂಗ್ಲಾದರೆ ಚೂಪು ಮೂಲೆಯ ಮೇಲೆ ಬ್ಲೇಡು ಇಡಬೇಡಿ, ಅಗಲ ಮುಖದಿಂದ ಶುರು ಮಾಡಿ. ತಗಡನ್ನು ಎರಡು ಹಲಗೆ ನಡುವೆ ಹಿಡಿದು ಹಲಗೆ ಸಮೇತ ಕೊಯ್ಯಿರಿ. ಹಲಗೆ ಅಲ್ಲಿ ಹಲ್ಲಿಗೆ ಆಸರೆ ಕೊಡುತ್ತದೆ.

ಹಲ್ಲು ಉದುರಿದ ಬ್ಲೇಡಿನಲ್ಲಿ ಹಾಗೇ ಮುಂದುವರಿಸಿದರೆ ಪಕ್ಕದ ಹಲ್ಲೂ ಹೋಗುತ್ತದೆ. ಕೆಲಸ ನಿಲ್ಲಿಸಿ, ಸೀಳಿನೊಳಗೆ ಸಿಕ್ಕಿದ ಮುರಿದ ಹಲ್ಲಿನ ಚೂರು ತೆಗೆಯಿರಿ. ಅದು ಒಳಗೆ ಉಳಿದರೆ ಹೊಸ ಬ್ಲೇಡಿನ ಹಲ್ಲನ್ನೂ ತಿನ್ನುತ್ತದೆ.

ಗೆರೆ ಬಿಟ್ಟು ಓರೆಯಾಗಿ ಹೋಗುತ್ತದೆ

ಬಿಗಿ ನೋಡಿ. ಬ್ಲೇಡನ್ನು ಉಗುರಲ್ಲಿ ಮೀಟಿದರೆ 'ಟಿಣ್' ಅನ್ನಬೇಕು. ಮಂಕಾಗಿ 'ಡಬ್' ಅಂದರೆ ಸಡಿಲ. ಕೈಯಲ್ಲಿ ಸಡಿಲು ಹೋಗುವಷ್ಟು ರೆಕ್ಕೆ ನಟ್ಟು ತಿರುಗಿಸಿ, ಅಲ್ಲಿಂದ ಮುಂದೆ ಸುಮಾರು ಮೂರು ಸುತ್ತು ಬಿಗಿ ಮಾಡಿ. ಕೊಯ್ಯುತ್ತಾ ಬ್ಲೇಡು ಬಿಸಿಯಾಗಿ ಸ್ವಲ್ಪ ಹಿಗ್ಗುತ್ತದೆ, ಹೊಸ ಬ್ಲೇಡಂತೂ ನಾಲ್ಕಾರು ಎಳೆತಕ್ಕೇ ಸಡಿಲವಾಗುತ್ತದೆ. ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ಮೀಟಿ ನೋಡಿ.

ಬಿಗಿ ಇದ್ದೂ ಯಾವಾಗಲೂ ಒಂದೇ ಕಡೆ ಎಳೆಯುತ್ತಿದ್ದರೆ ಬ್ಲೇಡಿನ ಒಂದು ಪಕ್ಕದ ಹಲ್ಲು ಸವೆದಿದೆ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಬಾಗಿರುತ್ತವೆ. ಸೀಳು ಬ್ಲೇಡಿಗಿಂತ ಅಗಲವಾಗಿ ಬರಲಿ ಅಂತ ಆ ಬಾಗು. ಒಂದು ಪಕ್ಕ ಸವೆದರೆ ಚೂಪಿರುವ ಪಕ್ಕಕ್ಕೆ ಓಡುತ್ತದೆ. ಅದಕ್ಕೆ ರಿಪೇರಿ ಇಲ್ಲ, ಬ್ಲೇಡು ಬದಲಿಸಿ.

ಓರೆಯಾದ ಸೀಳನ್ನು ಫ್ರೇಮು ತಿರುಚಿ ಸರಿ ಮಾಡಲು ಹೋಗಬೇಡಿ. ಮಾಲನ್ನು ತಿರುಗಿಸಿ ಆಚೆ ಬದಿಯಿಂದ ಹೊಸ ಸೀಳು ಹಾಕಿ.

ಶುರುವಿನಲ್ಲೇ ಜಾರಿ ಗೆರೆ ತಪ್ಪುತ್ತಿದ್ದರೆ ಮೂರು ಮೂಲೆ ಅರದಿಂದ ಗೆರೆಯ ಮೇಲೆ ಸಣ್ಣ ಕಚ್ಚು ಮಾಡಿಕೊಳ್ಳಿ. ಬ್ಲೇಡು ಅಲ್ಲಿ ಕೂರುತ್ತದೆ. ಹೆಬ್ಬೆರಳಿನ ಉಗುರು ಆನಿಸಿ ಶುರು ಮಾಡುವ ಅಭ್ಯಾಸ ಬಹಳ ಜನಕ್ಕಿದೆ, ನನಗೆ ಅದು ಇಷ್ಟವಿಲ್ಲ. ಒಂದು ಸಲ ಬ್ಲೇಡು ಹಾರಿದರೆ ಬೆರಳಿಗೇ ಬರುತ್ತದೆ.

ಬ್ಲೇಡು ಪಟ್ ಅಂತ ತುಂಡಾಗುತ್ತದೆ

ಎಲ್ಲಿ ಮುರಿದಿದೆ ನೋಡಿ. ಪಿನ್ನಿನ ತೂತಿನ ಹತ್ತಿರ ಮುರಿದಿದ್ದರೆ ಅತಿ ಬಿಗಿ, ಅಥವಾ ಪಿನ್ನು ಸವೆದು ಬ್ಲೇಡು ಓರೆಯಾಗಿ ಕೂತಿದೆ. ನಡುವೆ ಮುರಿದಿದ್ದರೆ ಕೈ ತಿರುಚಿದೆ, ಮಾಲು ಅಲ್ಲಾಡಿದೆ, ಅಥವಾ ಕೊನೆಗೆ ತುಂಡಿನ ಭಾರಕ್ಕೆ ಸೀಳು ಮುಚ್ಚಿಕೊಂಡು ಬ್ಲೇಡು ಹಿಡಿದಿದೆ. ಆರಡಿ ಪೈಪು ಒಂದು ಕಡೆ ನೇತಾಡುತ್ತಿದ್ದರೆ ಅದರ ತಲೆಗೆ ಒಂದು ಆಸರೆ ಕೊಡಿ. ಇಲ್ಲವೇ ಪಕ್ಕದಲ್ಲಿರುವವರನ್ನು ಕರೆದು ಹಿಡಿಸಿ. 'ಸ್ವಲ್ಪ ಎತ್ತಿ ಹಿಡೀರಿ ಅಣ್ಣಾ' ಅಂದರಾಯಿತು. ಆದರೆ ಜಾಸ್ತಿ ಎತ್ತಿದರೂ ಸೀಳು ಮುಚ್ಚುತ್ತದೆ, ಅದನ್ನೂ ಹೇಳಿ.

ವೇಗವೂ ಒಂದು ಕಾರಣ. ನಿಮಿಷಕ್ಕೆ 40ರಿಂದ 50 ಎಳೆತ ಸಾಕು, ಗಡಿಯಾರದ ಸೆಕೆಂಡ್ ಮುಳ್ಳಿಗಿಂತ ಒಂಚೂರು ನಿಧಾನ. ಮುಂದೆ ತಳ್ಳುವಾಗ ಒತ್ತು, ಹಿಂದೆ ತರುವಾಗ ಹಗುರ. ಬ್ಲೇಡಿನ ಹಲ್ಲು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅಷ್ಟು ಬಿಸಿ ಏರಿದೆ ಅಂತ. ಸಾದಾ ಕಾರ್ಬನ್ ಉಕ್ಕಿನ ಬ್ಲೇಡಾದರೆ ಹದ ಹೋಗಿದೆ, ಎಸೆಯಿರಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡು ಬಿಸಿ ತಾಳುತ್ತದೆ.

ಬ್ಲೇಡಿನಲ್ಲೂ ಜಾತಿ ಇದೆ. ಪೂರ್ತಿ ಹದ ಹಾಕಿದ್ದು ನೆಟ್ಟಗೆ ಕೊಯ್ಯುತ್ತದೆ, ಆದರೆ ತಿರುಚಿದರೆ ಚೂರುಚೂರಾಗಿ ಹಾರುತ್ತದೆ. ಮಣಿಯುವ ಬ್ಲೇಡಿನಲ್ಲಿ ಹಲ್ಲಿಗೆ ಮಾತ್ರ ಹದ, ಬೆನ್ನು ಮೆತ್ತಗೆ. ಬೈಮೆಟಲ್ ಅನ್ನುವುದರಲ್ಲಿ ಎಚ್‌ಎಸ್‌ಎಸ್ ಹಲ್ಲು, ಬಾಗುವ ಬೆನ್ನು. ಸ್ವಲ್ಪ ದುಬಾರಿ. ಏಣಿ ಮೇಲೆ ನಿಂತೋ, ಕಾಲಲ್ಲಿ ಮೆಟ್ಟಿಕೊಂಡೋ, ತೋಟದ ನಡುವೆ ವೈಸಿಲ್ಲದೆ ಕೊಯ್ಯುವವರು ಬೈಮೆಟಲ್ಲನ್ನೇ ತನ್ನಿ. ಕೊಟ್ಟ ದುಡ್ಡು ಅಲ್ಲೇ ಹುಟ್ಟುತ್ತದೆ.

ಹೊಸ ಬ್ಲೇಡು ಹಳೇ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ

ಅರ್ಧ ಕೊಯ್ದ ಮೇಲೆ ಬ್ಲೇಡು ಬದಲಿಸಿದಿರಾ? ಹಳೇ ಬ್ಲೇಡಿನ ಹಲ್ಲಿನ ಬಾಗು ಸವೆದು ಸೀಳು ಕಿರಿದಾಗಿತ್ತು. ಹೊಸದರ ಹಲ್ಲು ಅಗಲ. ಬಲವಂತ ಮಾಡಿದರೆ ಹೊಸ ಬ್ಲೇಡಿನ ಬಾಗೇ ಹೋಗುತ್ತದೆ, ಇಲ್ಲಾ ಮುರಿಯುತ್ತದೆ. ಮಾಲು ತಿರುಗಿಸಿ ಎದುರು ಬದಿಯಿಂದ ಬನ್ನಿ. ನಡುವೆ ಸವೆದ ಬ್ಲೇಡಿನಲ್ಲಿ ಇದ್ದಕ್ಕಿದ್ದಂತೆ ಉದ್ದ ಎಳೆತ ಎಳೆದರೂ ತುದಿಯ ಅಗಲ ಹಲ್ಲು ಹೀಗೇ ಸಿಕ್ಕಿಕೊಳ್ಳುತ್ತದೆ.

ಅಲ್ಯೂಮಿನಿಯಂ ಕೊಯ್ಯುವಾಗ ಸಿಕ್ಕಿಕೊಂಡರೆ ಕಾರಣ ಬೇರೆ. ಅಡಿಕೆ ದೋಟಿಯ (ಕೊನೆ ಕೊಯ್ಯುವ ಉದ್ದ ಕೋಲಿನ) ತುಂಡು ಕೊಯ್ದ ಮೇಲೆ ಬ್ಲೇಡು ತೆಗೆದು ನೋಡಿ, ಹಲ್ಲಿನ ಸಂದಿಯಲ್ಲಿ ಬೆಳ್ಳಗೆ ಮೆತ್ತಿಕೊಂಡಿರುತ್ತದೆ. ತಂತಿ ಬ್ರಷ್ಷಿನಿಂದ ಕೆರೆದು ಒಂದು ಹನಿ ಸೀಮೆಎಣ್ಣೆ ಹಾಕಿ. ಬೀಡಿ, ಒಲೆ ಹತ್ತಿರ ಬೇಡ. ಸೀಮೆಎಣ್ಣೆ ಇಲ್ಲದಿದ್ದರೆ ಮೇಣದಬತ್ತಿ ಸವರಿದರೂ ನಡೆಯುತ್ತದೆ. ಮೆತುವಾದ ಕಬ್ಬಿಣಕ್ಕೆ ಮೆಷಿನ್ ಎಣ್ಣೆ ಅಥವಾ ಸೋಪಿನ ನೀರು. ಎರಕದ ಕಬ್ಬಿಣವನ್ನು ಒಣಗಿದ್ದಾಗಲೇ ಕೊಯ್ಯಿರಿ, ಅದರೊಳಗೇ ಗ್ರಾಫೈಟ್ ಇರುತ್ತದೆ. ಭದ್ರಾವತಿ ಕಾರ್ಖಾನೆಯಲ್ಲಿ ಎರಕದ ಪೈಪು ಮಾಡುತ್ತಿದ್ದ ಕಾಲವಿತ್ತು. ನಮ್ಮ ಕಡೆ ಹಳೇ ಮನೆಗಳಲ್ಲಿ ಇನ್ನೂ ಅಂಥ ಪೈಪು ಸಿಗುತ್ತವೆ. ಅದರ ಮೇಲ್ಚರ್ಮ ಒಳಗಿಗಿಂತ ಗಟ್ಟಿ, ಮೊದಲ ಗೆರೆಯನ್ನು ಹಳೇ ಅರದಲ್ಲಿ ಬಿಡಿಸಿಕೊಂಡರೆ ಬ್ಲೇಡು ಉಳಿಯುತ್ತದೆ.

ಕಿರ್ರೋ ಅಂತ ಕಿರುಚುತ್ತದೆ

ಮಾಲು ನಡುಗುತ್ತಿದೆ. ಕೊಯ್ಯುವ ಗೆರೆಯನ್ನು ವೈಸಿನ ದವಡೆಗೆ ಒಂದು ಬೆರಳಿನಷ್ಟು ಹತ್ತಿರ ತನ್ನಿ. ಅಷ್ಟೇ ಪರಿಹಾರ. ತೆಳು ಪೈಪಾದರೆ ವೈಸು ಅತಿ ಬಿಗಿದು ಚಪ್ಪಟೆ ಮಾಡಬೇಡಿ, ಎರಡು ಕಡೆ ಮರದ ತುಂಡು ಕೊಡಿ.

ಬ್ಲೇಡು ಪದೇ ಪದೇ ಕಳಚಿ ಬೀಳುತ್ತದೆ

ಇದು ಫ್ರೇಮಿನದು. ಪಿನ್ನು ನೋಡಿ. ಅದು ಸ್ವಲ್ಪ ಹಿಂದಕ್ಕೆ ಬಾಗಿರಬೇಕು, ಬ್ಲೇಡನ್ನು ಎಳೆದು ಹಿಡಿಯುವ ಹಾಗೆ. ಸವೆದು ನೆಟ್ಟಗಾಗಿದ್ದರೆ ಬ್ಲೇಡು ಜಾರುತ್ತದೆ. ರೆಕ್ಕೆ ನಟ್ಟಿನ ಮರೆ ಹೋಗಿದ್ದರೆ ನಟ್ಟು ಒಂದೇ ಬದಲಿಸಬಹುದು, ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನು ತೆಗೆದುಕೊಂಡು ಹೋಗಿ. ಬಿಗಿ ಮಾಡಿದಾಗ ಫ್ರೇಮಿನ ಬೆನ್ನೇ ಬಾಗುತ್ತಿದ್ದರೆ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡು ಪಿನ್ನೂ ಒಂದೇ ಗೆರೆಯಲ್ಲಿ ಕಾಣದಿದ್ದರೆ, ಆ ಫ್ರೇಮಿಗೆ ಬೆಸುಗೆ ಹಾಕಿಸುವುದಕ್ಕಿಂತ ಹೊಸದು ಒಳ್ಳೆಯದು. ಫ್ರೇಮು ಪೈಪಿಗೆ ಬಡಿದು ಮುಂದೆ ಹೋಗುತ್ತಿಲ್ಲವಾದರೆ ಅದು ದೋಷವಲ್ಲ. ಪಿನ್ನನ್ನು ಕಾಲು ಸುತ್ತು ತಿರುಗಿಸಿ ಬ್ಲೇಡನ್ನು ಅಡ್ಡ ಹಾಕಿಕೊಳ್ಳುವ ಸೌಲಭ್ಯ ಹೆಚ್ಚಿನ ಫ್ರೇಮಿನಲ್ಲಿದೆ.

ಮಳೆಗಾಲ ಮುಗಿದು ತೆಗೆದರೆ ಕೆಂಪು ತುಕ್ಕು

ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ತುಕ್ಕು ಬಾರದಿದ್ದರೇ ಆಶ್ಚರ್ಯ. ಮೇಲ್ಮೇಲಿನ ತುಕ್ಕಾದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬಳಸಿ. ಹಲ್ಲಿನ ತುದಿಯೇ ಗುಳಿಬಿದ್ದು ತಿಂದಿದ್ದರೆ ಬಿಡಿ. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಎರಡು ಸುತ್ತು ಸಡಿಲಿಸಿ, ಎಣ್ಣೆ ಕೈ ಆಡಿಸಿ, ಒಲೆ ಅಟ್ಟದ ಹಾಗೆ ಒಣಗಿರುವ ಜಾಗದಲ್ಲಿ ಇಡಿ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತದ ಚೀಲದ ಹತ್ತಿರ ಮಾತ್ರ ಇಡಲೇಬೇಡಿ. ಒದ್ದೆಯಾದ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಇಲ್ಲಿ ಹ್ಯಾಕ್ಸಾ ಕೆಳಗಿಡಿ

ಪಂಪಿನ ಪೈಪಾದರೆ ಮೊದಲು ಸ್ಟಾರ್ಟರ್ ಮಾತ್ರವಲ್ಲ, ಮೇನ್ ತೆಗೆಯಿರಿ, ವಾಲ್ವು ಬಿಚ್ಚಿ ಒತ್ತಡ ಇಳಿಸಿ. ಬೇಲಿ ತಂತಿ, ಬೇಲಿ ಕಂಬ ಮುಟ್ಟುವ ಮುಂಚೆ ಸೋಲಾರ್ ಬೇಲಿಯ ಪೆಟ್ಟಿಗೆ ಆಫ್ ಮಾಡಿ. ಬೋರಿನಲ್ಲಿ ಮೋಟಾರು ನೇತಾಡುತ್ತಿರುವಾಗ ಪೈಪು ಕತ್ತರಿಸಲೇಬೇಡಿ, ಆ ಭಾರ ಕೈಯಿಂದ ನಿಲ್ಲುವುದಿಲ್ಲ. ಕರೆಂಟ್ ಕಂಬವನ್ನು ಎಳೆದು ಹಿಡಿಯುವ ಸ್ಟೇ ವೈರು ನಿಮ್ಮದಲ್ಲ, ಕರೆಂಟ್ ಕಂಪನಿ ಮೆಸ್ಕಾಂನವರಿಗೆ ಹೇಳಿ.

ಪೆಟ್ರೋಲು, ಡೀಸೆಲ್, ಔಷಧಿ ಇದ್ದ ಡ್ರಮ್ಮು, ಗ್ಯಾಸ್ ಸಿಲಿಂಡರು, ಯಾವುದೇ ಮುಚ್ಚಿದ ಡಬ್ಬ ಕೊಯ್ಯಬಾರದು. ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ. ಹಳೇ ಕಲ್ನಾರು ಸಿಮೆಂಟ್ ಶೀಟೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಣ್ಣಿಗೆ ಕನ್ನಡಕ ಹಾಕಿ, ಬ್ಲೇಡು ಮುರಿದಾಗ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಪುಡಿಯನ್ನು ಬಾಯಲ್ಲಿ ಊದಬೇಡಿ, ಕೈಯಲ್ಲಿ ಸವರಬೇಡಿ, ಬ್ರಷ್ಷು ಬಳಸಿ. ಕೊನೆಯ ಕಾಲು ಇಂಚಿನಲ್ಲಿ ಒತ್ತು ಪೂರ್ತಿ ತೆಗೆದು ನಿಧಾನ ಮಾಡಿ. ಬೆರಳಿನ ಗೆಣ್ಣು ಸುಲಿಯುವುದು ಅಲ್ಲೇ. ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೆ ಉಜ್ಜಬೇಡಿ, ಬಟ್ಟೆ ತುದಿಯಲ್ಲಿ ತೆಗೆಸಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಗಾಯ ಆಳವಾಗಿದ್ದರೆ, ಬೆರಳು ಮಡಿಸಲು ಬಾರದಿದ್ದರೆ, ತುದಿ ಜೋಮು ಹಿಡಿದಿದ್ದರೆ ಬಟ್ಟೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ಸಣ್ಣ ಗಾಯವಾದರೂ ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಎರಡು ಒಳ್ಳೆ ಬ್ಲೇಡು ಹೋದ ಮೇಲೂ ಮಾಲು ಬಗ್ಗದಿದ್ದರೆ ವೆಲ್ಡಿಂಗ್ ಶಾಪಿಗೆ ಕೊಡಿ, ಅವರ ಕಟಿಂಗ್ ಮೆಷಿನ್ನಿಗೆ ಅದು ಒಂದು ನಿಮಿಷದ ಕೆಲಸ. ಹೋಗುವಾಗ ಗೆರೆಯನ್ನು ಸೀಮೆಸುಣ್ಣದಲ್ಲಿ ಹಾಕಬೇಡಿ, ದಾರಿಯಲ್ಲೇ ಅಳಿಸುತ್ತದೆ. ಅರದಲ್ಲಿ ಕೊರೆದು ಗುರುತು ಮಾಡಿ, ಗೆರೆಯ ಯಾವ ಬದಿಯ ತುಂಡು ನಿಮಗೆ ಬೇಕು ಅನ್ನುವುದನ್ನೂ ತೋರಿಸಿ. ಕಟಿಂಗ್ ಚಕ್ರ ಹ್ಯಾಕ್ಸಾ ಬ್ಲೇಡಿಗಿಂತ ದಪ್ಪ, ತಪ್ಪು ಬದಿಯಲ್ಲಿ ಕೊಯ್ದರೆ ಅಷ್ಟು ಅಳತೆ ಕಡಿಮೆಯಾಗುತ್ತದೆ.